ಮರಳಿನ ತಟ್ಟೆಯಲ್ಲಿ ಕೂತವಳು

ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಲಾರದವರಿಗೆ ನಾನು ಮರಳು ತುಂಬಿದ ಒಂದು ದೊಡ್ಡ ತಟ್ಟೆ, ಒಂದಿಷ್ಟು ಗೊಂಬೆ, ಕಲ್ಲು, ಕಡ್ಡಿ ಕೊಡುತ್ತೇನೆ. ಅವರು ಏನನ್ನು ಎಲ್ಲಿಡುತ್ತಾರೋ ಅದರಲ್ಲಿ ಒಳಮನಸ್ಸಿನ ಸಂಕೇತ ಹುಡುಕುವುದು ನನ್ನ ಕೆಲಸ. ವಾಡಿ ಊರಿನ ಆಸ್ಪತ್ರೆಯಲ್ಲಿ ಕೂರುತ್ತಿದ್ದಾಗ, ನಾಲವಾರದಿಂದ ರೈಲು ಹತ್ತಿ ಬರುತ್ತಿದ್ದ ಶರಣಪ್ಪನವರು ಮೂರು ವಾರ ಆ ತಟ್ಟೆಯನ್ನು ಮುಟ್ಟಲೇ ಇಲ್ಲ.

ನಾಲ್ಕನೆಯ ವಾರ ಮರಳಿನಲ್ಲಿ ಗುಂಡಿ ತೋಡಿದರು. ಹೆಣ್ಣುಗೊಂಬೆಯೊಂದರ ಕಾಲು ಮಡಚಿ ಅದರೊಳಗೆ ಕೂರಿಸಿ, ಎಡಗೈ ಮೇಲೆ ಸಣ್ಣ ಕರಿಗಲ್ಲೊಂದನ್ನು ಇಟ್ಟರು.

ನಾನು ಓದಿದ ಪುಸ್ತಕಗಳಲ್ಲಿ ಗುಂಡಿಯೆಂದರೆ ಗರ್ಭ. "ನಿಮಗೆ ತಾಯಿಯ ಹೊಟ್ಟೆಗೆ ವಾಪಸ್ ಹೋಗಬೇಕು ಅನ್ನಿಸುತ್ತಾ?" ಎಂದು ಕೇಳಿದೆ.

ಅವರು ನನ್ನನ್ನೇ ನೋಡಿದರು. "ಇಕಿ ನನ್ನ ಹೆಂಡ್ತಿರಿ, ಮೇಡಂ. ಕೊರೋನಾದಾಗ ಹೋದಳು. ನಮ್ಮಲ್ಲಿ ಕೈಯಾಗ ಲಿಂಗ ಇಟ್ಟು, ಕುಂದ್ರಿಸಿ ಮಣ್ಣು ಮಾಡ್ತೀವಿ. ಆಕಿನ ಪ್ಲಾಸ್ಟಿಕ್ಕಿನಾಗ ಸುತ್ತಿ ಮಲಗಿಸಿಬಿಟ್ರು. ನಾ ದೂರ ನಿಂತು ನೋಡಿದೆ. ಕಣ್ಣು ಮುಚ್ಚಿದ್ರ ಅದೇ ಕಾಣ್ತದ."

ಅವರು ಗೊಂಬೆ ಕಾಣದಂತೆ ಮರಳು ಎಳೆದು, ಅಂಗೈಯಿಂದ ಮೆಲ್ಲಗೆ ತಟ್ಟಿ, ಎದ್ದರು.

"ಇದನ್ನ ಕೆಡಿಸಬ್ಯಾಡ್ರಿ."

ಒಬ್ಬೊಬ್ಬರು ಹೋದ ಮೇಲೂ ಮರಳು ಸಮ ಮಾಡಿಡಬೇಕೆಂಬುದು ನಮ್ಮ ಕೆಲಸದ ನಿಯಮ. ನಾನು ತಟ್ಟೆಯನ್ನು ಹಾಗೇ ಎತ್ತಿ ಕಪಾಟಿನ ಮೇಲಿಟ್ಟೆ. ಹೊಸ ತಟ್ಟೆ ಬೇಕೆಂದು ಮೇಲಿನವರಿಗೆ ಅರ್ಜಿ ಹಾಕುವಾಗ, ಕಾರಣ ಎಂಬಲ್ಲಿ, ‘ಹಳೆಯದು ಖಾಲಿ ಇಲ್ಲ’ ಎಂದು ಬರೆದೆ.