ಬೀಳುವುದೇ ಕಸುಬಾದ ರೇವಣಪ್ಪ

ದೇವಣಗಾಂವದಲ್ಲಿ ಬೆಳಕು ಮೊದಲು ಭೀಮಾ ನದಿಯ ಮೇಲೆ ಇಳಿಯುತ್ತದೆ, ಆಮೇಲೆ ಊರಿಗೆ ಬರುತ್ತದೆ. ಆ ನಡುವಿನ ಹೊತ್ತಿನಲ್ಲಿ, ಮಂಜು ಇನ್ನೂ ಕಬ್ಬಿನ ಗರಿಗಳಿಗೆ ಒರಗಿ ನಿದ್ದೆ ಮಾಡುತ್ತಿರುವಾಗ, ಗರಡಿ ಮನೆಯ ಹಿಂದಿನ ಬೇವಿನ ಮರದ ಕೆಳಗೆ ಒಬ್ಬ ಮನುಷ್ಯ ಗಾಳಿಯಲ್ಲಿ ತೇಲುತ್ತಾನೆ. ಕಾಲು ಮೇಲೆ, ತಲೆ ಕೆಳಗೆ. ಅರೆಗಳಿಗೆ ಆ ಮೈಗೆ ಭಾರವೇ ಇಲ್ಲವೇನೋ ಎನಿಸುತ್ತದೆ. ಆಮೇಲೆ ಧಪ್ಪೆಂದು ಕೆಂಪು ಮಣ್ಣಿಗೆ ಬೆನ್ನು ಬಡಿಯುತ್ತದೆ. ಎದ್ದು, ಬಾಯಿಗೆ ಹೋದ ಮಣ್ಣು ಉಗುಳಿ, "ಹೂಂ, ಬಾ ಇನ್ನೊಮ್ಮೆ" ಎನ್ನುತ್ತಾನೆ.

ಇವರು ರೇವಣಪ್ಪ ಪೂಜೇರಿ. ಇಂಡಿ ತಾಲ್ಲೂಕಿನ ಲಚ್ಯಾಣದ ಕುರಿಗಾರರ ಮನೆಯವರು. ವಯಸ್ಸು ನಲವತ್ತೈದು ದಾಟಿದೆ. ಕಸುಬು ಬೀಳುವುದು.

ನಗುವವರು ನಗಲಿ. ಕುಸ್ತಿ ಆಡುವವರಿಗೆ ಒಂದು ರೋಗ ಬರುತ್ತದೆ, ಅದನ್ನು ಕಂಡವರು ನಗುವುದಿಲ್ಲ. ವರ್ಷಗಟ್ಟಲೆ ದಂಡ, ಬೈಠಕ್ ಹೊಡೆದು ಏರುತ್ತ ಬಂದ ಪೈಲ್ವಾನ ಒಂದು ದಿನ ನಿಂತಲ್ಲೇ ನಿಲ್ಲುತ್ತಾನೆ. ಹಾಲು ಹೆಚ್ಚಿಸಿದರೂ ಇಲ್ಲ, ಬೆವರು ಹೆಚ್ಚಿಸಿದರೂ ಇಲ್ಲ. 'ಮೈ ಕುಂತೈತಿ' ಎನ್ನುತ್ತಾರೆ ಗರಡಿಯವರು. ದಿನಾ ಅದೇ ಜೋಡಿ, ಅದೇ ಹಿಡಿತ ಆದರೆ ಮೈ ಕೂರದೆ ಏನು ಮಾಡೀತು? ಆಗ ಗರಡಿಯ ಗುರು, ಎಂದರೆ ವಸ್ತಾದರು, ರೇವಣಪ್ಪನವರಿಗೆ ಫೋನು ಹಚ್ಚುತ್ತಾರೆ. ಇವರು ಹೊಸ ಜೋಡಿಯಾಗಿ ಹೋಗುತ್ತಾರೆ. ಎಡಗೈಯವನಂತೆ ಆಡು ಎಂದರೆ ಹಾಗೆ ಆಡುತ್ತಾರೆ. ಕುಳ್ಳನಂತೆ ನಿಲ್ಲು ಎಂದರೆ ಹಾಗೆ ನಿಲ್ಲುತ್ತಾರೆ. ಕಲಿಯುವವನ ಕೈಯಲ್ಲಿ ಡಾವು, ಎಂದರೆ ಕುಸ್ತಿಯ ಪಟ್ಟು, ಕೂರುವ ತನಕ ಬೀಳುತ್ತಾರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ನಾಲ್ಕು ಕಡೆಯ ಮಣ್ಣು ಅವರ ಮೈಗೆ ಹತ್ತಿದೆ. ಹಿಂದಿನ ಸಂಜೆಯೇ ಹೋಗಿ ಗರಡಿಯಲ್ಲಿ ಮಲಗುತ್ತಾರೆ, ನಸುಕಿನಲ್ಲಿ ಬೀಳುತ್ತಾರೆ, ಬಿಸಿಲೇರುವ ಹೊತ್ತಿಗೆ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ತೂಕಡಿಸುತ್ತಾರೆ. ಹೊರಗೆ ತೊಗರಿ ಹೊಲಗಳು ಹಳದಿಯಾಗಿ ಹರಿದುಹೋಗುತ್ತವೆ. ಆ ತೂಕಡಿಕೆಯಲ್ಲಿ ಒಂದೇ ಕನಸು. "ಬೀಳಾಕತ್ತಿರತೇನ್ರಿ, ನೆಲಾನ ಬರೂದಿಲ್ಲ. ಹತ್ತಿ ಬಿಡಿಸಿದಾಗ ಹಾರತೈತಲ್ಲ, ಹಂಗ ಹಗೂರಕ. ಕಂಡಕ್ಟರ್ ಬಡದ ಎಬ್ಬಿಸಿದಾಗನ ನೆಲ ಸಿಗೂದು" ಎಂದು ನಗುತ್ತಾರೆ.

ದಿನಕ್ಕೆ ಎಷ್ಟು ಸಲ ಬೀಳುತ್ತೀರಿ ಎಂದರೆ, "ಉಸಿರ ಎಷ್ಟ ತಗೋತೀರಿ ಅಂತ ಯಾರರೆ ಕೇಳತಾರೇನ್ರಿ?" ಎಂದು ತಿರುಗಿ ಕೇಳುತ್ತಾರೆ. ಹೆಂಡತಿ ಸುಜಾತಾ ಒಲೆಯ ಮುಂದಿನಿಂದಲೇ ಮಾತು ಸೇರಿಸುತ್ತಾರೆ. "ಮಂದಿ ಗಂಡಂದಿರು ನಿಂತ ದುಡೀತಾರ. ನಮ್ಮನ್ಯಾವ್ರು ಬಿದ್ದ ದುಡೀತಾರ. ಎಣ್ಣಿ ಹಚ್ಚಿ ತಿಕ್ಕಿ ತಿಕ್ಕಿ ನನ್ನ ಕೈ ಪೈಲ್ವಾನರ ಕೈ ಆಗ್ಯಾವ."

ಒಂದು ಕಾಲಕ್ಕೆ ರೇವಣಪ್ಪ ತಾವೂ ಗೆಲ್ಲಲೆಂದೇ ಮಣ್ಣಿಗಿಳಿದವರು. ಸುತ್ತಲಿನ ಊರುಗಳ ಕುಸ್ತಿ ಗೆದ್ದರು, ಜಿಲ್ಲೆ ದಾಟಲಿಲ್ಲ. ಅವರ ಮೈಯೂ ಕೂತಿತು, ಎಬ್ಬಿಸುವವರು ಸಿಗಲಿಲ್ಲ. "ನಾ ಬಿದ್ರ ಇನ್ನೊಬ್ಬಂವ ಏಳ್ತಾನಲ್ಲ ಅನಸ್ತು. ಬೀಳಾಕ ನಿಂತೆ" ಎನ್ನುತ್ತಾರೆ, ಅಷ್ಟೇ.

ಈ ಸಲ ದೇವಣಗಾಂವಕ್ಕೆ ಕರೆಸಿದವರು ಕುತುಬುದ್ದೀನ ವಸ್ತಾದರು. ಮೈ ಕೂತಿದ್ದು ಭಾಗ್ಯಜ್ಯೋತಿಯದು. ಸಿಂದಗಿಯಲ್ಲಿ ಪಿಯುಸಿ ಓದುವ ಹುಡುಗಿ. ವಿಜಯಪುರದಲ್ಲಿ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆ ನಡೆಯಲಿದೆ, ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ಸಲ. ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡಬಾರದೆಂಬ ಕಟ್ಟಳೆ ಇಲ್ಲಿ ಇನ್ನೂ ಸತ್ತಿಲ್ಲ. ಊರಿಗೆ ಪದಕ ಬೇಕು, ಪದಕ ತರುವವಳು ಮಾತ್ರ ಹೊಸ್ತಿಲಾಚೆ ಇರಬೇಕು. ವಸ್ತಾದರು ಜಗಳಾಡಿ ಸಾಕಾಗಿ ಬೇವಿನ ಕೆಳಗೆ ಬೇರೆ ಕಣವನ್ನೇ ತೋಡಿಸಿದ್ದಾರೆ.

ಅವಳ ಡಾವು ಧೋಬಿ. ಎದುರಾಳಿಯ ಕೈ ಹಿಡಿದು, ಹೆಗಲ ಮೇಲೆಳೆದು, ಅಗಸರು ಕಲ್ಲಿಗೆ ಬಟ್ಟೆ ಒಗೆದಂತೆ ಒಗೆಯುವುದು. ರೇವಣಪ್ಪ ಬಂದ ಮೇಲೆ ಧೋಬಿ ಹೂವಿನಂತೆ ಬಿರಿಯಿತು. ದಿನವೂ ಒಗೆಯುತ್ತಿದ್ದಳು, ದಿನವೂ ಅವರು ತೇಲಿ ಬೀಳುತ್ತಿದ್ದರು. ನೋಡಿದವರು ಹುಡುಗಿ ತಯಾರಾದಳು ಎಂದರು. ಅದೇ ಭರದಲ್ಲಿ ಬಸವನ ಬಾಗೇವಾಡಿಯ ಕುಸ್ತಿಗೆ ಹೋದಳು. ಅಲ್ಲಿ ತನಗಿಂತ ಸಣ್ಣ ಹುಡುಗಿಗೆ ಧೋಬಿ ಹಾಕಿದಳು. ಆ ಹುಡುಗಿ ಅಲುಗಲಿಲ್ಲ. ಮತ್ತೆ ಹಾಕಿದಳು. ಗೋಡೆ. ಮೂರನೆಯದಕ್ಕೆ ಭಾಗ್ಯಜ್ಯೋತಿಯ ಬೆನ್ನೇ ಮಣ್ಣಿಗೆ ಹತ್ತಿತು.

ಮರುದಿನ ನಸುಕಿನಲ್ಲಿ ಅವಳು ಕಣಕ್ಕಿಳಿಯಲಿಲ್ಲ. ಬೇವಿಗೆ ಒರಗಿ ನಿಂತು ಒಂದೇ ಮಾತು ಅಂದಳು. "ಕಾಕಾ, ನಾ ಕೆಡವಾಕತ್ತಿಲ್ಲ. ನೀ ಬೀಳಾಕತ್ತಿ."

ರೇವಣಪ್ಪನವರಿಗೆ ಸಿಟ್ಟು ಬಂತು. ಇಷ್ಟು ವರ್ಷ ಯಾರೂ ಅಂದಿರಲಿಲ್ಲ. "ಬಾ, ಹಾಕ" ಎಂದು ಇಳಿದರು. ಅವಳ ಹೆಗಲು ತಗ್ಗಿತು, ಇವರ ಹಿಮ್ಮಡಿ ತಾನಾಗಿಯೇ ಎದ್ದಿತು. ಅವಳು ಎಳೆಯುವ ಮೊದಲೇ ಮೈ ಹೊರಟಿತ್ತು. ವಸ್ತಾದರು ತಲೆ ಕೆರೆದುಕೊಂಡರು. "ರೇವಣ್ಣ, ಹುಡುಗಿ ಖರೇ ಹೇಳತೈತಿ. ನೀ ಕರೆಯೂಕಿಂತ ಮೊದಲ ಊಟಕ್ಕ ಕುಂತೀದಿ."

ಸುರಕ್ಷಿತವಾಗಿ ಬೀಳಬೇಕಾದರೆ ಎಸೆತ ಬರುವುದು ಮುಂಚೆಯೇ ಗೊತ್ತಿರಬೇಕು, ಆ ರೂಢಿಗೆ ಮೈ ತಾನೇ ಮೊದಲು ಹಾರುತ್ತಿತ್ತು. ಹುಡುಗಿ ಎಂದು ಒಂದಿಷ್ಟು ಮೆತ್ತಗೆ ಬೇರೆ ಬಿದ್ದಿದ್ದರು. ಹೀಗೆ ಬಿದ್ದು ಕೊಟ್ಟು ಕೊಟ್ಟು, ಏರಿಸಲು ಬಂದವರೇ ಅವಳನ್ನು ಕೂರಿಸಿಬಿಟ್ಟಿದ್ದರು. ಆಯ್ಕೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಈಗ ಅವಳಿಗಿಂತ ಮೊದಲು ಇವರು ತಮ್ಮ ಮೈಯನ್ನು ಎಬ್ಬಿಸಬೇಕಿತ್ತು. ಬೀಳದೆ ಇರುವುದನ್ನು ಕಲಿಯಬೇಕಿತ್ತು.

ಕಲಿಯುವುದು ಸುಲಭವಾಗಲಿಲ್ಲ. ಅವಳ ಹೆಗಲು ತಗ್ಗುವುದು ಕಾಣದಿರಲೆಂದು ಕಣ್ಣಿಗೆ ಟವೆಲ್ ಕಟ್ಟಿಕೊಂಡು ನಿಂತರು. ಅವಳ ಬೆರಳು ಬಿಗಿಯಾದದ್ದೇ ತಡ, ಮೈ ಹೊರಟೇಬಿಡುತ್ತಿತ್ತು. ಗಟ್ಟಿಯಾಗಿ ನಿಂತರೆ ಕುತ್ತಿಗೆಗೆ ಪೆಟ್ಟು. ಊರಿಗೆ ಹೋದಾಗ ಸುಜಾತಾ ಊದಿದ ಕುತ್ತಿಗೆಗೆ ಬಿಸಿ ಉಪ್ಪಿನ ಗಂಟು ಒತ್ತುತ್ತ ಬೈದರು. "ಕುತ್ತಿಗಿ ಮುರಕೊಂಡ ಬಂದ್ರ ನಾ ಬಾಗಲಾ ತಗ್ಯಾಂಗಿಲ್ಲ ಮತ್ತ."

"ಬಾಗಲಾ ಮುರಕೊಂಡ ಬರತೇನಿ" ಎಂದರು ಗಂಡ.

ಆ ರಾತ್ರಿಯ ಕನಸಿನಲ್ಲಿ ಅವರು ಬೀಳಲಿಲ್ಲ. ಅಪ್ಪನ ಜೊತೆ ಕುರಿ ಹೊಳೆ ದಾಟಿಸುತ್ತಿದ್ದರು. ನೀರು ಬೆಳ್ಳಗೆ, ದಡವೇ ಇಲ್ಲದಷ್ಟು ಅಗಲ. ಕುರಿಗಳೆಲ್ಲ ಮೋಡದಂತೆ ಇಳಿದುಹೋದವು, ಒಂದು ಟಗರು ಮಾತ್ರ ನಿಂತಿತು. ಎಳೆದರು, ತಳ್ಳಿದರು, ಅಲುಗಲಿಲ್ಲ. "ಎಚ್ಚರ ಆದ ಮ್ಯಾಲ ತಿಳೀತ್ರಿ. ಟಗರು ಎದುರು ಜಗ್ಗೂದಿಲ್ಲ. ಮೈ ಬಿಗಿ ಹಿಡಿಯೂದಿಲ್ಲ. ಭಾರ ಬಿಡತೈತಿ. ನೆಲಕ್ಕ ಬಿಟ್ಟ ಬಿಡತೈತಿ. ನಾ ಅಷ್ಟ ವರ್ಷ ಟಗರ ಜಗ್ಗೇನಿ, ಟಗರ ಆಗಿರಲಿಲ್ಲ."

ದೇವಣಗಾಂವಕ್ಕೆ ಮರಳಿದ ಮೇಲೆ, ನಸುಕಿನಲ್ಲಿ ಅವರು ಕಣದಲ್ಲಿ ಟಗರಿನಂತೆ ನಿಂತರು. ಉಸಿರು ಬಿಟ್ಟು, ಭಾರ ಕೆಳಗೆ ಬಿಟ್ಟು. ಭಾಗ್ಯಜ್ಯೋತಿ ಧೋಬಿ ಹಾಕಿದಳು, ಅವಳೇ ಜಾರಿದಳು. ಆ ದಿನ ಒಮ್ಮೆಯೂ ಆಗಲಿಲ್ಲ. ಅದರ ಮರುದಿನವೂ ಇಲ್ಲ. ಇದ್ದ ಡಾವೂ ಹೋಯಿತೆಂದು ಅವಳಿಗೆ ಅಳು ಬಂತು. ಅಳು ಮುಗಿದು ಸಿಟ್ಟು ಬಂತು.

"ಏನ ಕಾಕಾ, ಒಮ್ಮಿಗೇನ ಕಲ್ಲ ಆದಿಯಲ್ಲ. ಮೊನ್ನಿ ತನಕ ಹತ್ತಿ ಅರಳಿಯಂಗ ಹಗೂರ ಇದ್ದಿ."

"ಅರಳಿ ಹೊತಗೊಂಡ ಹೋಗಿ ಬಾಗೇವಾಡ್ಯಾಗ ಏನ ಮಾಡಿದಿ? ಬೈಯೂದ ಬಿಡ, ಮೊಣಕಾಲ ಎಲ್ಲೈತಿ ನೋಡಕೊ."

ನೋಡಿಕೊಂಡಳು. ಇಷ್ಟು ದಿನ ಇವರೇ ಹಾರುತ್ತಿದ್ದರಿಂದ ಅವಳು ಸೊಂಟ ತಗ್ಗಿಸುವುದನ್ನೇ ಮರೆತಿದ್ದಳು. ಒಂದೊಂದು ದಿನ ಒಂದೊಂದು ಬೆರಳಷ್ಟು ತಗ್ಗಿದಳು. ಆಯ್ಕೆಗೆ ಹೊರಡುವ ಮುಂಚಿನ ನಸುಕಿನಲ್ಲಿ ಹೊಳೆಯ ಮಂಜು ಕಣದ ತನಕ ಬಂದಿತ್ತು, ಇಬ್ಬರ ಕಾಲುಗಳೂ ಕಾಣುತ್ತಿರಲಿಲ್ಲ. ಅವಳ ಮೊಣಕಾಲು ಮಣ್ಣು ಮುಟ್ಟಿತು. ರೇವಣಪ್ಪ ಭಾರ ಬಿಟ್ಟೇ ಇದ್ದರು. ಆದರೂ ನೆಲ ಅವರ ಪಾದದಿಂದ ಕಳಚಿತು.

ಏನಾಯಿತೆಂದು ತಿಳಿಯುವಷ್ಟರಲ್ಲಿ ಬೇವಿನ ಎಲೆಗಳ ನಡುವೆ ಆಕಾಶ ಕಾಣುತ್ತಿತ್ತು. ಅವರು ಏಳಲಿಲ್ಲ. ಹುಡುಗಿ ಹೆದರಿ ಬಗ್ಗಿದಳು. "ಕಾಕಾ, ಪೆಟ್ಟಾತೇನ?"

"ತಡಿಯವ್ವ" ಎಂದರು. "ಹಿಂಗ ಬಿದ್ದ ಭಾಳ ವರ್ಷ ಆಗಿತ್ತು."

ವಸ್ತಾದರು ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಹೆಗಲಿಗೆ ಹಾಕಿದರು.

ಆಯ್ಕೆಯ ದಿನ ರೇವಣಪ್ಪ ವಿಜಯಪುರಕ್ಕೆ ಹೋಗಲಿಲ್ಲ. ಮುದ್ದೇಬಿಹಾಳದ ಗರಡಿಯಲ್ಲಿ ಇನ್ನೊಬ್ಬನ ಮೈ ಕೂತಿತ್ತು. ಅಲ್ಲಿಯ ಪೈಲ್ವಾನರು ಈಗ ಗೊಣಗುತ್ತಾರೆ, ಮುಂಚಿನಂತೆ ಬೀಳುವುದಿಲ್ಲ, ಇವರನ್ನು ಯಾಕೆ ಕರೆಸಬೇಕು ಎಂದು. ಒಂದೆರಡು ಕಡೆ ಕರೆಯುವುದನ್ನು ಬಿಟ್ಟೂ ಇದ್ದಾರೆ. "ಬಿಡ್ಲಿ. ಸುಳ್ಳ ಬೀಳಾಕ ನಾ ಒಲ್ಲೆ" ಎನ್ನುತ್ತಾರೆ. ಆಯ್ಕೆಯ ದಿನ ಮಧ್ಯಾಹ್ನ ಗರಡಿಯ ಕಟ್ಟೆಯ ಮೇಲೆ ಗರಿಗರಿ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದಾಗ ಫೋನು ಬಂತು. ಹುಡುಗಿಯ ದನಿ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸಿತು.

"ಕಾಕಾ, ನನ್ನ ಹೆಸರ ಬಂತು. ಕಡೀ ಕುಸ್ತಿ ಧೋಬಿ ಮ್ಯಾಲನ ಆತು."

ರೇವಣಪ್ಪ ರೊಟ್ಟಿ ಕೆಳಗಿಟ್ಟರು. ಆಮೇಲೆ ಕೇಳಿದ್ದು ಒಂದೇ.

"ಬಿದ್ದಾಕಿ ಹೆಂಗದಾಳ?"

"ಅಳಾಕತ್ತಾಳ. ಭುಜಾ ಹಿಡಕೊಂಡ ಕುಂತಾಳ."

"ಬೀಳೂದ ಯಾರೂ ಹೇಳಿಕೊಟ್ಟಿಲ್ಲ ಅಂತ ಕಾಣತೈತಿ ಪಾಪ. ಹೋಗಿ ಬಾಜೂಕ ಕುಂದ್ರ. ನನ್ನ ನಂಬರ ಕೊಟ್ಟ ಬಾ."