ಹನುಮಪ್ಪನ ಗದ್ದದ ಗಾಯ

‘ಏ ತಮ್ಮಾ, ದೇವರ ಮಾರಿಗೆ ಬ್ಲೇಡ್ ಹಚ್ಚತೀಯೇನು?’ ಎಂದು ಆ ಮನೆಯ ಅಜ್ಜಿ ನನ್ನ ಕೈಯನ್ನೇ ಹಿಡಿದುಬಿಟ್ಟರು.

ನವನಗರದಲ್ಲಿ ಅವರ ದೇವರ ಕೋಣೆಯ ಗಾಜಿನ ಬಾಗಿಲಿಗೆ ನಾನು ಏರ್‌ಬ್ರಷ್‌ನಿಂದ ಹನುಮಪ್ಪನನ್ನು ಬರೆಯುತ್ತಿದ್ದೆ. ಗಾಜಿಗೆ ಜಿಡ್ಡು ತಾಗಿದರೆ ಬಣ್ಣ ಕೂರುವುದಿಲ್ಲ. ಅದಕ್ಕೇ ಸೋಪಿನಲ್ಲಿ ತೊಳೆದು, ಸ್ಪಿರಿಟ್ ಹಚ್ಚಿ ಒರೆಸಿ, ‘ಯಾರೂ ಮುಟ್ಟಬ್ಯಾಡ್ರಿ’ ಎಂದು ಬಡಕೊಂಡಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ಅಜ್ಜಿ, ದೀಪಕ್ಕೆ ಎಣ್ಣೆ ಹಾಕಿದ ಬೆರಳಿನಿಂದಲೇ ಗಾಜಿಗೆ ಕುಂಕುಮ ಹಚ್ಚಿದ್ದರು! ಸಿಟ್ಟಿನಲ್ಲಿ ಕುಂಕುಮವನ್ನಷ್ಟೇ ಒರೆಸಿದೆ, ಜಿಡ್ಡು ಉಳಿಯಿತು. ಚಿತ್ರ ಬರೆದಾಗ ಸರಿಯಾಗಿ ಹನುಮಪ್ಪನ ಗದ್ದದ ಮೇಲೆ ಬೆರಳಿನಷ್ಟಗಲ ಬಣ್ಣ ಕೂರದೆ ಒಡೆಯಿತು.

ಅಷ್ಟನ್ನು ಬ್ಲೇಡಿನಿಂದ ಕೆರೆದು ಮತ್ತೆ ಬಣ್ಣ ಹೊಡೆದಿದ್ದರೆ ಮುಗಿಯುತ್ತಿತ್ತು. ಆದರೆ ಕಣ್ಣು ಬರೆದಾಗಿತ್ತು. ‘ಕಣ್ಣ ಬಿಟ್ಟ ಮ್ಯಾಲ ಅಂವಾ ದೇವ್ರು, ಕೆರಿಬ್ಯಾಡ’ ಎಂದರು ಅಜ್ಜಿ. ಗಂಟಲು ಹರಿಯುವಂತೆ ವಾದಿಸಿ ಸೋತೆ.

ಆ ಒಡೆದ ಕಲೆ, ಹನುಮಪ್ಪ ಸೂರ್ಯನನ್ನು ಹಿಡಿಯಹೋದಾಗ ಇಂದ್ರ ವಜ್ರಾಯುಧದಿಂದ ಹೊಡೆದ ಗಾಯವೆಂದು ಅಜ್ಜಿ ಈಗ ಬಂದವರಿಗೆಲ್ಲ ತೋರಿಸುತ್ತಾರೆ. ಮೊನ್ನೆ ಬಾಜೂ ಮನೆಯವರೂ ಹನುಮಪ್ಪನನ್ನು ಬರೆಯಲು ಕರೆದರು. ಗದ್ದದ ಗಾಯ ಮಾತ್ರ ಮರೆಯಬಾರದಂತೆ. ಸ್ಪಿರಿಟ್‌ನಿಂದ ಒರೆಸಿ ಲಕಲಕ ಹೊಳೆಯುವ ಗಾಜಿನ ಮುಂದೆ, ಎಣ್ಣೆಯಲ್ಲಿ ಬೆರಳು ಅದ್ದಿಕೊಂಡು ನಿಂತೆ.