ಅಜ್ಜಿಯ ಬೆರಳು

ಇವತ್ತು ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಹುಡುಗಿಯ ಮೊಬೈಲಿನಿಂದ ಬೋಧಕರೊಬ್ಬರ ದನಿ: "ಕಣ್ಣು ಮುಚ್ಚಿ, ನಂಬಿರಿ."

ಸೊರಬದ ನಮ್ಮ ಅಜ್ಜಿ ಹಾಗೆ ನಂಬುತ್ತಿರಲಿಲ್ಲ. ಚರ್ಚಿನಲ್ಲಿ ಬೋಧಕರು ಹೇಳಿದ ವಾಕ್ಯವನ್ನು ವೇದಪುಸ್ತಕದಲ್ಲಿ ಹುಡುಕಿ, ಬೆರಳಿಟ್ಟು ಓದಿದ ಮೇಲೆಯೇ ಆಮೆನ್ ಎನ್ನುತ್ತಿದ್ದಳು. ಒಮ್ಮೆ ಹೊಸ ಬೋಧಕರೊಬ್ಬರು ನಮ್ಮ ಸೋದರತ್ತೆಯ ಹಣೆಗೆ ಎಣ್ಣೆ ಹಚ್ಚಿ, "ನಿನ್ನ ಫಿಟ್ಸ್ ಹೋಯ್ತು. ಇನ್ನು ಗುಳಿಗೆ ನುಂಗಿದರೆ ಅಪನಂಬಿಕೆ" ಎಂದರು.

"ಇದು ಎಲ್ಲಿ ಬರದೈತ್ರೀ, ಅಯ್ನೋರೆ?" ಅಜ್ಜಿ ಕೇಳಿದಳು.

"ಪುಸ್ತಕ ಮುಚ್ಚಮ್ಮ."

ಅಜ್ಜಿ ಮುಚ್ಚಲಿಲ್ಲ. ಉಳಿದವರೆಲ್ಲ ಆಮೆನ್ ಎಂದರು. ನಾನೂ ಎಂದೆ. ಅತ್ತೆ ನಗುತ್ತಾ ಗುಳಿಗೆಗಳನ್ನು ಬಚ್ಚಲೊಲೆಗೆ ಎಸೆದಳು. ಒಂದು ವಾರ ಚೆನ್ನಾಗಿಯೇ ಇದ್ದಳು. ಆಮೇಲೊಂದು ಬೆಳಿಗ್ಗೆ ಬಿಂದಿಗೆ ಹಿಡಿದು ಬಾವಿಗೆ ಹೋದವಳು ತಿರುಗಿ ಬರಲಿಲ್ಲ.

ಪಕ್ಕದ ಹುಡುಗಿ ಕಣ್ಣು ಮುಚ್ಚಿದ್ದಳು. ಮಡಿಲಲ್ಲಿ ಮೆಡಿಕಲ್ ಶಾಪಿನ ಕವರು, ಇನ್ನೂ ಬಿಚ್ಚಿರಲಿಲ್ಲ.

"ಅದು ಎಲ್ಲಿ ಬರದೈತವ್ವಾ?" ಎಂದು ಕೇಳಿದೆ. ಅವಳು ಕಣ್ಣು ತೆರೆಯಲಿಲ್ಲ.